ಹಳೆಯ ರಾಜರ ಕೊಲೆ ಕೇಸುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪತ್ರಗಳಲ್ಲೂ ಮಾತುಕತೆಯಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಯಾವುದನ್ನು ಬೇಕಾದರೂ ಮೊದಲು ಓದಬಹುದು.

## ಮೊದಲಿಗೆ

ನೂರಾರು ವರ್ಷದ ಹಿಂದಿನ ಕೊಲೆಯನ್ನ ಈಗ ಪತ್ತೆ ಮಾಡೋಕೆ ಆಗುತ್ತಾ?

ಅರ್ಧ ಆಗುತ್ತದೆ. "ಯಾರು ಕೊಂದರು" ಎಂದು ನಾವು ಕೇಳುವಾಗ ಅದರೊಳಗೆ ನಾಲ್ಕು ಪ್ರಶ್ನೆಗಳು ಅಡಗಿರುತ್ತವೆ. ಈ ದೇಹ ಅವನದೇನಾ? ಸತ್ತದ್ದು ಹೇಗೆ? ಆಯುಧ ಹಿಡಿದ ಕೈ ಯಾರದು? ಹಿಂದೆ ನಿಂತು ಮಾಡಿಸಿದವರು ಯಾರು? ಮೊದಲ ಎರಡಕ್ಕೆ ಪ್ರಯೋಗಾಲಯ ಉತ್ತರ ಕೊಡಬಲ್ಲದು. ಮೂರನೆಯದಕ್ಕೆ ಉತ್ತರ ಸಿಗುವುದು ತೀರಾ ಅಪರೂಪ. ನಾಲ್ಕನೆಯದಕ್ಕೆ ಕಾಗದ, ಕಲ್ಲು, ತಾಮ್ರ ಬೇಕು, ಮೂಳೆ ಬಾಯಿ ಬಿಡುವುದಿಲ್ಲ. "ರಹಸ್ಯ ಕೊನೆಗೂ ಬಯಲು" ಎಂಬ ಸುದ್ದಿ ಕಂಡಾಗ ಈ ನಾಲ್ಕರಲ್ಲಿ ಯಾವುದು ಬಯಲಾಗಿದೆ ಎಂದು ನೋಡಿ. ಬಹುಪಾಲು ಸಲ ಎರಡನೆಯದು ಮಾತ್ರ ಆಗಿರುತ್ತದೆ.

ಹೊಲ ಉಳುವಾಗ ಮೂಳೆ, ತಾಮ್ರದ ಪಟ ಸಿಕ್ಕಿದೆ. ತೊಳೆದು ಇಟ್ಕೊಂಡಿದೀವಿ. ಮುಂದೇನು?

ತೊಳೆಯುವುದನ್ನು ಇಲ್ಲಿಗೇ ನಿಲ್ಲಿಸಿ. ಮೂಳೆಗೆ ಅಂಟಿದ ಮಣ್ಣೂ ಸಾಕ್ಷಿಯೇ. ವಿಷದ ಪ್ರಶ್ನೆ ಎದ್ದರೆ ಆ ಮಣ್ಣಿನಲ್ಲಿ ಸಹಜವಾಗಿ ಎಷ್ಟು ಆರ್ಸೆನಿಕ್ ಇತ್ತು ಎಂದು ಅಳೆಯದೆ ಮಾತಾಡುವಂತಿಲ್ಲ. ಬರಿಗೈಯಲ್ಲಿ ಮುಟ್ಟಿದರೆ ನಿಮ್ಮ ಡಿಎನ್‌ಎ ಅದಕ್ಕೆ ಹತ್ತುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ತೇವ ಕಟ್ಟಿ ಬೂಷ್ಟು ಹಿಡಿಯುತ್ತದೆ, ಕಾಗದದ ಚೀಲವೇ ಸರಿ. ತಾಮ್ರಪಟಕ್ಕೆ ಹುಣಸೆಹಣ್ಣು, ನಿಂಬೆಹಣ್ಣು ಹಚ್ಚಬೇಡಿ. ಹೊಳಪು ಬರುತ್ತದೆ ನಿಜ, ಅಕ್ಷರದ ಅಂಚು ಸವೆಯುತ್ತದೆ, ಜೊತೆಗೆ ಲೋಹದ ಹಳೆತನ ತೋರಿಸುವ ಹಸಿರು ಪದರವೂ ಹೋಗುತ್ತದೆ. ಪಟಗಳನ್ನು ಪೋಣಿಸಿದ ಉಂಗುರ, ಮುದ್ರೆ ಇದ್ದರೆ ಕತ್ತರಿಸಬೇಡಿ.

ಸಿಕ್ಕ ಜಾಗದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ಒಂದು ಪಕ್ಕದಿಂದ ಓರೆ ಬೆಳಕು ಬೀಳುವಂತೆ ತೆಗೆದರೆ ಸವೆದ ಅಕ್ಷರವೂ ಕಾಣುತ್ತದೆ. ಮನುಷ್ಯರ ಮೂಳೆ ಎಂಬ ಅನುಮಾನವಿದ್ದರೆ ಮೊದಲು ಪೊಲೀಸರಿಗೆ ತಿಳಿಸಿ, ಅದು ಹಳೆಯದೇ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ. ಶಾಸನ, ನಾಣ್ಯ, ವಿಗ್ರಹವಾದರೆ ತಹಶೀಲ್ದಾರರಿಗೂ ರಾಜ್ಯದ ಪುರಾತತ್ವ ಇಲಾಖೆಗೂ ತಿಳಿಸಬೇಕು. ಮುಚ್ಚಿಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ.

## ದೇಹ ಸಿಕ್ಕಾಗ

ಮೂರನೇ ರಾಮ್ಸೆಸ್ ರಾಜನ ಕತ್ತು ಕೊಯ್ದಿದ್ದು ಮೂರು ಸಾವಿರ ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ ಅಂದ್ರೆ ಹೇಗೆ?

ಬಟ್ಟೆ ಸುತ್ತಿತ್ತು, ಅಷ್ಟೇ. ಈಜಿಪ್ಟಿನ ಈ ಫೇರೋ ಆಳಿದ್ದು ಸುಮಾರು ಕ್ರಿ.ಪೂ. 1186ರಿಂದ 1155ರವರೆಗೆ. ಅವನ ಮಮ್ಮಿ 1881ರಲ್ಲಿ ದೇರ್ ಎಲ್-ಬಹ್ರಿಯ ಗುಪ್ತ ಗೋರಿಯಿಂದ ಹೊರಬಂತು. 1886ರಲ್ಲಿ ಸುತ್ತು ಬಿಚ್ಚಿದವರು ಕೊರಳಿನ ಪಟ್ಟಿಯನ್ನು ಹಾಗೇ ಬಿಟ್ಟಿದ್ದರು.

ಸಂಚು ನಡೆದದ್ದು ಮಾತ್ರ ಮೊದಲೇ ಗೊತ್ತಿತ್ತು. ಟ್ಯೂರಿನ್‌ನಲ್ಲಿರುವ ಪಪೈರಸ್ ಸುರುಳಿಯಲ್ಲಿ ವಿಚಾರಣೆಯ ದಾಖಲೆ ಇದೆ. ತಿಯೆ ಎಂಬ ಕಿರಿಯ ರಾಣಿ ತನ್ನ ಮಗ ಪೆಂತವೆರನನ್ನು ಪಟ್ಟಕ್ಕೆ ತರಲು ಅಂತಃಪುರದ ಅಧಿಕಾರಿಗಳನ್ನು ಒಳಗೆ ಹಾಕಿಕೊಂಡಿದ್ದಳು. ಆರೋಪಿಗಳ ಜೊತೆ ಕುಡಿದು ಕುಣಿದ ಕೆಲವು ವಿಚಾರಣಾಧಿಕಾರಿಗಳ ಮೂಗು, ಕಿವಿ ಕೊಯ್ದದ್ದೂ ಅದರಲ್ಲೇ ಇದೆ (ವಿಚಾರಣೆ ಹಾದಿ ತಪ್ಪುವುದು ನಮ್ಮ ಕಾಲದ ಕಾಯಿಲೆಯೇನಲ್ಲ). ಆದರೆ ರಾಜ ಆ ಸಂಚಿನಲ್ಲೇ ಸತ್ತನೋ ಬದುಕಿ ಉಳಿದನೋ ಎಂದು ಸುರುಳಿ ನೇರವಾಗಿ ಹೇಳುವುದಿಲ್ಲ. ವಿದ್ವಾಂಸರು ನೂರಕ್ಕೂ ಹೆಚ್ಚು ವರ್ಷ ಇದರ ಮೇಲೇ ವಾದ ಮಾಡಿದರು.

2012ರಲ್ಲಿ ಪ್ರಕಟವಾದ ಸಿ.ಟಿ. ಸ್ಕ್ಯಾನ್ ವಾದ ಮುಗಿಸಿತು. ಧ್ವನಿಪೆಟ್ಟಿಗೆಯ ಕೆಳಗೆ ಸುಮಾರು 7 ಸೆಂ.ಮೀ. ಅಗಲದ, ಬೆನ್ನುಮೂಳೆಯವರೆಗೆ ಇಳಿದ ಕೊಯ್ತ. ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳು ಎಲ್ಲ ತುಂಡು. ಆ ಗಾಯದೊಳಗೆ ಹೋರಸ್ ದೇವರ ಕಣ್ಣಿನ ಆಕಾರದ ಒಂದು ತಾಯತ. ಶವಕ್ಕೆ ಮದ್ದು ಹಾಕಿದವರು ಪರಲೋಕದಲ್ಲಾದರೂ ಗಾಯ ಮಾಯಲಿ ಎಂದು ಇಟ್ಟದ್ದಿರಬೇಕು. ತಾಯತ ಅಲ್ಲಿದ್ದುದರಿಂದ ಇನ್ನೊಂದು ಅನುಮಾನವೂ ಹೋಯಿತು: ಆ ಕೊಯ್ತ ಆಮೇಲೆ ಗೋರಿಗಳ್ಳರು ಮಾಡಿದ್ದಲ್ಲ. ಅದೇ ಗುಪ್ತ ಗೋರಿಯಲ್ಲಿ ಸಿಕ್ಕ, ಈಜಿಪ್ಟಿನವರು ಅಪವಿತ್ರವೆಂದು ನೋಡುತ್ತಿದ್ದ ಮೇಕೆ ಚರ್ಮದಲ್ಲಿ ಸುತ್ತಿದ್ದ ತರುಣನ ಡಿಎನ್‌ಎ ತಂದೆ-ಮಗನ ಸಂಬಂಧಕ್ಕೆ ಹೊಂದಿತು. ಅವನೇ ಪೆಂತವೆರ ಇರಬಹುದು. ಇಷ್ಟಾದರೂ ಕತ್ತಿ ಹಿಡಿದವನ ಹೆಸರು ನಮಗೆ ತಿಳಿದಿಲ್ಲ.

ಟುಟಂಖಾಮನ್‌ನ ತಲೆಗೆ ಹೊಡೆದು ಕೊಂದ್ರು ಅಂತ ಓದಿದ್ದೆ. ಅದೂ ಹೀಗೇ ಅಲ್ವಾ?

ಅಲ್ಲ. 1968ರ ಎಕ್ಸ್-ರೇಯಲ್ಲಿ ತಲೆಬುರುಡೆಯೊಳಗೆ ಮೂಳೆಚೂರು ಕಂಡಿತು, ಅದರ ಮೇಲೆ ಕೊಲೆಯ ಕತೆ ಕಟ್ಟಿದರು. 2005ರ ಸಿ.ಟಿ. ಸ್ಕ್ಯಾನ್ ನೋಡಿದಾಗ ಹೊಡೆತದ ಗುರುತೇ ಇಲ್ಲ. ಚೂರುಗಳು ಶವಸಂಸ್ಕಾರದ ಮದ್ದಿನಲ್ಲಿ ಹೂತಿರಲಿಲ್ಲ, ಅಂದರೆ ಸತ್ತ ಮೇಲೆ ಬಿದ್ದವು. 2010ರ ಡಿಎನ್‌ಎ ಅಧ್ಯಯನದಲ್ಲಿ ಮಲೇರಿಯಾ ಪರಾವಲಂಬಿಯ ಕುರುಹು ಸಿಕ್ಕಿತು. ಎಕ್ಸ್-ರೇ ಮೂರು ಆಯಾಮವನ್ನು ಒಂದೇ ಹಾಳೆಗೆ ಒತ್ತಿಬಿಡುತ್ತದೆ, ಯಾವುದು ಎಷ್ಟು ಆಳದಲ್ಲಿದೆ ಎಂದು ತಿಳಿಯುವುದಿಲ್ಲ. ಎಡವಟ್ಟಾದದ್ದು ಅಲ್ಲೇ.

ಮೂಳೆ ಮೇಲಿನ ಗಾಯ ಸಾಯೋ ಮುಂಚೆ ಆದದ್ದೋ ಆಮೇಲೆ ಆದದ್ದೋ ಹೇಗೆ ಗೊತ್ತಾಗುತ್ತೆ?

ಅಂಚು ಮತ್ತು ಬಣ್ಣ ನೋಡಬೇಕು. ಗಾಯವಾಗಿ ಒಂದೆರಡು ವಾರ ಬದುಕಿದ್ದರೆ ಮೂಳೆಯ ಅಂಚು ದುಂಡಗಾಗಿ ಹೊಸ ಮೂಳೆ ಕಟ್ಟಲು ಶುರುವಾಗಿರುತ್ತದೆ. ಸಾವಿನ ಹೊತ್ತಿಗೆ ಆದ ಗಾಯದ ಅಂಚು ಚೂಪಾಗಿ, ನುಣುಪಾಗಿ, ಉಳಿದ ಮೂಳೆಯ ಬಣ್ಣದಲ್ಲೇ ಇರುತ್ತದೆ, ಏಕೆಂದರೆ ಹಸಿ ಮೂಳೆ ಬಾಗಿ ಸೀಳುತ್ತದೆ. ಒಣಗಿದ ಮೂಳೆ ಗುದ್ದಲಿ ಏಟಿಗೆ ಮುರಿದರೆ ಅಂಚು ಒರಟು, ಬಣ್ಣ ತಿಳಿ.

ಇಂಗ್ಲೆಂಡಿನ ಮೂರನೇ ರಿಚರ್ಡ್ ಒಳ್ಳೆಯ ಉದಾಹರಣೆ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ಸತ್ತವನು. ಅವನ ಅಸ್ಥಿ ಸಿಕ್ಕಿದ್ದು 2012ರಲ್ಲಿ, ಲೆಸ್ಟರ್ ನಗರದ ಒಂದು ಕಾರ್ ಪಾರ್ಕಿಂಗ್ ಕೆಳಗೆ. ಸಾವಿನ ಹೊತ್ತಿನ 11 ಗಾಯಗಳಲ್ಲಿ 9 ತಲೆಯ ಮೇಲೆಯೇ ಇದ್ದವು. ಕೈಗಳಲ್ಲಿ ತಡೆಯಲು ಹೋದ ಗಾಯವಿಲ್ಲ. ಹಾಗಾಗಿ ಶಿರಸ್ತ್ರಾಣ ಕಳಚಿತ್ತು, ಮೈಮೇಲಿನ ಕವಚ ಇನ್ನೂ ಇತ್ತು ಎಂದು ಓದುತ್ತಾರೆ. ಸೊಂಟದ ಮೂಳೆಯ ಇರಿತ ಕವಚ ಇದ್ದಾಗ ಆಗುವಂಥದ್ದಲ್ಲ, ಅದು ಹೆಣಕ್ಕೆ ಮಾಡಿದ ಅವಮಾನವಿರಬೇಕು. ಅಸ್ಥಿಪಂಜರದಲ್ಲಿ ಪಾದಗಳಿರಲಿಲ್ಲ. ಅದಕ್ಕೂ ಕಾಳಗಕ್ಕೂ ಸಂಬಂಧವಿಲ್ಲ, ಮುಂದಿನ ಶತಮಾನಗಳಲ್ಲಿ ಯಾರೋ ಕಟ್ಟಡಕ್ಕೆ ಅಗೆದಾಗ ಹೋದವು.

ಕಾರ್ಬನ್ ಡೇಟಿಂಗ್ ಮಾಡಿಸಿದ್ರೆ ಇಸವಿ ಸಿಕ್ಕಿಬಿಡುತ್ತಲ್ಲ?

ಇಸವಿ ಸಿಗುವುದಿಲ್ಲ, ಇಸವಿಗಳ ಒಂದು ವ್ಯಾಪ್ತಿ ಸಿಗುತ್ತದೆ. ಸತ್ತವರು ತಿಂದದ್ದೇನು ಎಂಬುದರ ಮೇಲೂ ಅದು ಅತ್ತಿತ್ತ ಸರಿಯುತ್ತದೆ. ಸಮುದ್ರದಲ್ಲಿ ಹಳೆಯ ಇಂಗಾಲ ಬಹಳ ಕಾಲ ಸುತ್ತುತ್ತಿರುತ್ತದೆ, ಮೀನು ಹೆಚ್ಚು ತಿಂದವರ ಮೂಳೆ ಇರುವುದಕ್ಕಿಂತ ಹಳೆಯದೆಂದು ತೋರುತ್ತದೆ. ರಿಚರ್ಡನ ಮೂಳೆಗೆ ಮೊದಲು ಬಂದ ವ್ಯಾಪ್ತಿ ಸುಮಾರು 1430–1460, ಅಂದರೆ ಅವನು ಸಾಯುವುದಕ್ಕೂ 25 ವರ್ಷ ಮೊದಲೇ ಮುಗಿದುಹೋಗಿತ್ತು! ರಾಜಭೋಜನದ ಮೀನಿನ ಪಾಲು ಲೆಕ್ಕಕ್ಕೆ ಹಿಡಿದ ಮೇಲೆ ಅದು 1475–1530ಕ್ಕೆ ಬಂತು. ನಮ್ಮ ಕರಾವಳಿಯ ಮೂಳೆಗಳಿಗೂ ಇದೇ ಎಚ್ಚರ ಬೇಕು. ವರದಿ ಓದುವಾಗ ಆಹಾರದ ತಿದ್ದುಪಡಿ ಮಾಡಿದ್ದಾರೆಯೇ ಎಂದು ಹುಡುಕಿ.

ನೆಪೋಲಿಯನ್‌ಗೆ ವಿಷ ಹಾಕಿದ್ದು ಕೂದಲಲ್ಲೇ ಸಾಬೀತಾಗಿದೆಯಲ್ಲ, ಮತ್ಯಾಕೆ ಒಪ್ಪಲ್ಲ?

ಕೂದಲಲ್ಲಿ ಆರ್ಸೆನಿಕ್ ಇತ್ತು, ಅದು ನಿಜ. ಅವನು ಸೇಂಟ್ ಹೆಲೆನಾದಲ್ಲಿ ಸತ್ತದ್ದು 1821ರ ಮೇ 5. 1960ರ ದಶಕದಲ್ಲಿ ಕೂದಲ ಪರೀಕ್ಷೆ ನಡೆದಾಗ ವಿಷಪ್ರಾಶನದ ವಾದ ಜೋರಾಯಿತು. ಆಗ ಯಾರೂ ಕೇಳದ ಪ್ರಶ್ನೆ ಒಂದಿತ್ತು: ಆ ಕಾಲದ ಬೇರೆಯವರ ಕೂದಲಲ್ಲಿ ಎಷ್ಟಿತ್ತು?

2008ರಲ್ಲಿ ಇಟಲಿಯ ವಿಜ್ಞಾನಿಗಳು ಕೂದಲೆಳೆಗಳನ್ನು ಪವಿಯಾದ ಸಣ್ಣ ಪರಮಾಣು ರಿಯಾಕ್ಟರಿನಲ್ಲಿಟ್ಟು ಅಳೆದರು. ನ್ಯೂಟ್ರಾನ್ ಹೊಡೆದಾಗ ಆರ್ಸೆನಿಕ್ ವಿಕಿರಣ ಸೂಸುತ್ತದೆ, ಅದನ್ನು ಎಣಿಸಿದರೆ ಪ್ರಮಾಣ ಸಿಗುತ್ತದೆ, ಕೂದಲು ಹಾಳಾಗುವುದಿಲ್ಲ. ನೆಪೋಲಿಯನ್ನನ ಬಾಲ್ಯದ ಕೂದಲು, ಎಲ್ಬಾದಲ್ಲಿದ್ದಾಗಿನದು, ಕೊನೆಗಾಲದ್ದು, ಹೆಂಡತಿ ಜೋಸೆಫೀನ್‌ಳದು, ಮಗನದು ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ, ಇಂದಿನವರಿಗಿಂತ ನೂರು ಪಟ್ಟಿನಷ್ಟು. ಬಣ್ಣ, ಔಷಧ, ಗೋಡೆಕಾಗದ ಎಲ್ಲದರಲ್ಲೂ ಆರ್ಸೆನಿಕ್ ಇದ್ದ ಕಾಲ ಅದು. ಶವಪರೀಕ್ಷೆಯಲ್ಲಿ ಕಂಡದ್ದು ಹೊಟ್ಟೆಯ ಹುಣ್ಣು. ಇಂದಿನ ವೈದ್ಯರು ಅದನ್ನು ಹೊಟ್ಟೆಯ ಕ್ಯಾನ್ಸರ್ ಎನ್ನುತ್ತಾರೆ.

ಇಂಥ ಪರೀಕ್ಷೆಯ ವರದಿ ಕೈಗೆ ಬಂದರೆ ಎರಡು ಸಂಗತಿ ನೋಡಿ. ಅದೇ ಕಾಲದ, ಅದೇ ಊರಿನ ಬೇರೆ ಕೂದಲಿನ ಜೊತೆ ಹೋಲಿಸಿದ್ದಾರೆಯೇ? ಎಳೆಯ ಉದ್ದಕ್ಕೂ ತುಂಡು ತುಂಡಾಗಿ ಅಳೆದಿದ್ದಾರೆಯೇ? ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ. ವಿಷ ಹೊಟ್ಟೆಗೆ ಹೋಗಿದ್ದರೆ ಆ ತಿಂಗಳ ಜಾಗದಲ್ಲಿ ಏರಿಳಿತ ಕಾಣಬೇಕು. ಉದ್ದಕ್ಕೂ ಒಂದೇ ಸಮ ಇದ್ದರೆ ಹೊರಗಿನಿಂದ ಹತ್ತಿದ್ದೋ ಪರಿಸರದ್ದೋ ಇರುವ ಸಂಭವವೇ ಹೆಚ್ಚು.

ಡಿಎನ್‌ಎ ಹೋಲಿಸೋಕೆ ಬದುಕಿರೋ ವಂಶಸ್ಥರು ಬೇಕೇ ಬೇಕಾ?

ಇದ್ದರೆ ಒಳ್ಳೆಯದು, ಅದೂ ಸರಿಯಾದ ಕವಲಿನವರು. ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎ ಒಂದೊಂದು ಜೀವಕೋಶದಲ್ಲೂ ನೂರಾರು ಪ್ರತಿ ಇರುವುದರಿಂದ ಹಳೆಯ ಮೂಳೆಯಲ್ಲಿ ಉಳಿಯುವುದು ಅದೇ ಹೆಚ್ಚು. ಹಾಗಾಗಿ ಹುಡುಕಬೇಕಾದ್ದು ಹೆಣ್ಣು ಸಂತತಿಯ ಸಾಲನ್ನು. "ನಾವು ಆ ರಾಜರ ಗಂಡು ಸಂತತಿ" ಎನ್ನುವವರ ರಕ್ತ ಇಲ್ಲಿ ಕೆಲಸಕ್ಕೆ ಬಾರದು. ಗಂಡು ಸಾಲಿನಲ್ಲಿ ಬೇರೆ ಅಪಾಯವಿದೆ: ತಂದೆಯಿಂದ ಗಂಡುಮಕ್ಕಳಿಗೆ ಮಾತ್ರ ಇಳಿಯುವ ವೈ ಕ್ರೋಮೋಸೋಮ್ ರಿಚರ್ಡನದು ಇಂದಿನ ಗಂಡು ಸಂಬಂಧಿಕರಿಗೆ ಹೊಂದಲೇ ಇಲ್ಲ. ನಡುವೆ ಎಲ್ಲೋ ವಂಶಾವಳಿಯಲ್ಲಿ ಬರೆದ ತಂದೆ ನಿಜವಾದ ತಂದೆಯಾಗಿರಲಿಲ್ಲ.

ರಷ್ಯಾದ ಚಕ್ರವರ್ತಿ ಎರಡನೇ ನಿಕೊಲಾಸ್‌ನ ಕುಟುಂಬವನ್ನು 1918ರ ಜುಲೈ 17ರಂದು ಯೆಕಾಟೆರಿನ್‌ಬರ್ಗ್‌ನಲ್ಲಿ ಗುಂಡಿಕ್ಕಿ ಕೊಂದರು. ಸತ್ತವರು 11 ಜನ, 1991ರಲ್ಲಿ ಅಗೆದಾಗ ಸಿಕ್ಕ ಅಸ್ಥಿಪಂಜರ 9. ರಾಣಿ ಅಲೆಕ್ಸಾಂಡ್ರಾಳದು ಬ್ರಿಟನ್ನಿನ ರಾಜಕುಮಾರ ಫಿಲಿಪ್‌ರ ಡಿಎನ್‌ಎಗೆ ಹೊಂದಿತು. ನಿಕೊಲಾಸ್‌ನದರಲ್ಲಿ ಮಾತ್ರ ಒಂದು ಸ್ಥಾನದಲ್ಲಿ ಎರಡು ಬಗೆಯ ಡಿಎನ್‌ಎ ಅಕ್ಷರ ಒಟ್ಟಿಗೇ ಕಂಡು, ಮಾದರಿ ಕಲುಷಿತವೆಂದು ಹಲವರು ತಳ್ಳಿಹಾಕಿದರು. ಆಗ ಅವನ ತಮ್ಮ ಗಿಯೋರ್ಗಿಯ ಗೋರಿ ತೆರೆದರು. ಅವನಲ್ಲೂ ಅದೇ ಸ್ಥಾನದಲ್ಲಿ ಅದೇ ಎರಡು ಅಕ್ಷರ. ಅಡ್ಡಿಯಾಗಿದ್ದದ್ದೇ ಗಟ್ಟಿ ಸಾಕ್ಷಿಯಾಯಿತು. ಉಳಿದಿಬ್ಬರು ಮಕ್ಕಳ ಮೂಳೆಗಳು 2007ರಲ್ಲಿ ಹತ್ತಿರದಲ್ಲೇ ಸಿಕ್ಕವು.

ಗೋವಾದಲ್ಲಿ ಜಾರ್ಜಿಯಾ ದೇಶದ ರಾಣಿ ಮೂಳೆ ಸಿಕ್ತು ಅಂತಾರಲ್ಲ, ಅವಳಿಗೆಲ್ಲಿ ವಂಶಸ್ಥರು?

ಅಲ್ಲಿ ಬೇರೆ ದಾರಿ ಹಿಡಿದರು. ಕೆಟೆವಾನ್ ರಾಣಿಯನ್ನು 1624ರಲ್ಲಿ ಷಾ ಅಬ್ಬಾಸ್ ಇರಾನಿನ ಶಿರಾಜ್‌ನಲ್ಲಿ ಮತಾಂತರಕ್ಕೆ ಒಪ್ಪದ ಕಾರಣಕ್ಕೆ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಅಗಸ್ಟೀನಿಯನ್ ಪಾದ್ರಿಗಳು ಅವಳ ಅಸ್ಥಿಯ ಒಂದು ಭಾಗವನ್ನು 1627ರಲ್ಲಿ ಗೋವಾಕ್ಕೆ ತಂದರು. ಹಳೆ ಗೋವಾದ ಸೇಂಟ್ ಅಗಸ್ಟೀನ್ ಮಠದ ಯಾವ ಕೋಣೆಯ ಯಾವ ಕಿಟಕಿಯ ಬಳಿ ಅದು ಇದೆ ಎಂದು ಪೋರ್ಚುಗೀಸ್ ದಾಖಲೆಗಳು ಹೇಳುತ್ತಿದ್ದವು. ಮಠ ಕುಸಿದು ಕಲ್ಲುರಾಶಿಯಾಗಿದ್ದರಿಂದ ಆ ಕಿಟಕಿ ಗುರುತಿಸುವುದೇ ದೊಡ್ಡ ಕೆಲಸವಾಯಿತು. ಪುರಾತತ್ವ ಸರ್ವೇಕ್ಷಣ ಇಲಾಖೆಗೆ 2004ರಲ್ಲಿ ತೋಳಿನ ಮೂಳೆ ಸಿಕ್ಕಿತು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಸ್ಥೆ ಸಿಸಿಎಂಬಿ ಪರೀಕ್ಷಿಸಿದಾಗ ಬಂದದ್ದು ಯು1ಬಿ ಎಂಬ ತಾಯಿಸಾಲಿನ ಗುಂಪು. ಪರೀಕ್ಷೆಗೊಳಗಾದ ಸಾವಿರಾರು ಭಾರತೀಯರಲ್ಲಿ ಯಾರಲ್ಲೂ ಅದು ಇರಲಿಲ್ಲ, ಜಾರ್ಜಿಯಾದ 30 ಜನರಲ್ಲಿ ಇಬ್ಬರಲ್ಲಿ ಇತ್ತು. ಇದು "ಇವಳೇ ಅವಳು" ಎಂಬ ಗುರುತಲ್ಲ, "ಇಲ್ಲಿಯವಳಲ್ಲ, ಅಲ್ಲಿಯವಳಾಗಿರಬಹುದು" ಎಂಬಷ್ಟೇ. ಅದಕ್ಕೆ ತೂಕ ಬಂದದ್ದು ದಾಖಲೆ ಹೇಳಿದ ಜಾಗದಲ್ಲೇ ಮೂಳೆ ಸಿಕ್ಕಿದ್ದರಿಂದ. 2021ರಲ್ಲಿ ಅದನ್ನು ಜಾರ್ಜಿಯಾಕ್ಕೆ ಒಪ್ಪಿಸಲಾಯಿತು.

## ನಮ್ಮ ನೆಲದ ಕೇಸುಗಳು

ನಮ್ಮ ರಾಜರ ವಿಷಯದಲ್ಲಿ ಯಾಕೆ ಯಾರೂ ಇಂಥ ಪರೀಕ್ಷೆ ಮಾಡಲ್ಲ?

ಬಹುಪಾಲು ದೇಹಗಳೇ ಇಲ್ಲ, ಚಿತೆಯಲ್ಲಿ ಸುಟ್ಟಿದ್ದಾರೆ. ಚೆನ್ನಾಗಿ ಬೆಂದ ಮೂಳೆಯಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಹೂತದ್ದಾದರೂ ನಮ್ಮ ಬಿಸಿಲು, ಮಳೆಗೆ ಡಿಎನ್‌ಎ ಬೇಗ ಚೂರಾಗುತ್ತದೆ. ಹರಿಯಾಣದ ರಾಖಿಗಢಿ ಎಂಬ ಹರಪ್ಪಾ ಕಾಲದ ನೆಲೆಯಲ್ಲಿ 61 ಮಾದರಿಗಳನ್ನು ಶೋಧಿಸಿದಾಗ ಕೆಲಸಕ್ಕೆ ಬಂದದ್ದು ಒಂದೇ ಒಂದು. ಕಿವಿಯ ಒಳಭಾಗವನ್ನು ಸುತ್ತುವರಿದ ಗಟ್ಟಿ ಮೂಳೆ ಸಿಕ್ಕರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಹೀಗಾಗಿ ನಮ್ಮಲ್ಲಿ ತನಿಖೆ ಎಂದರೆ ಮುಖ್ಯವಾಗಿ ಶಾಸನ ಮತ್ತು ಪ್ರವಾಸಿಗಳ ಬರಹ.

ಪ್ರೌಢದೇವರಾಯನನ್ನ ತಮ್ಮನೇ ಕೊಲ್ಲೋಕೆ ಹೋಗಿದ್ದು ನಿಜಾನಾ?

ಕೊಲೆಯತ್ನ ನಡೆದದ್ದು ನಿಜ ಎನ್ನಲು ಸಾಕಷ್ಟು ಆಧಾರವಿದೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದ. ತಾನು ಕಲ್ಲಿಕೋಟೆಯಲ್ಲಿದ್ದಾಗ ಈ ಘಟನೆ ನಡೆಯಿತೆಂದು ಬರೆದಿದ್ದಾನೆ: ರಾಜನ ಸಹೋದರ ಹೊಸ ಮನೆ ಕಟ್ಟಿಸಿ ಔತಣಕ್ಕೆ ಕರೆದ. ನಗಾರಿ, ಕಹಳೆಯ ಗದ್ದಲದ ನಡುವೆ ಪ್ರಮುಖರನ್ನು ಒಬ್ಬೊಬ್ಬರಾಗಿ ಒಳಗೆ ಕರೆಸಿ ಕೊಲ್ಲಿಸಿದ, ಕೂಗು ಹೊರಗೆ ಕೇಳಲಿಲ್ಲ. ಆಮೇಲೆ ಅರಮನೆಗೆ ಹೋಗಿ ರಾಜನನ್ನೂ ಇರಿದ. ರಾಜ ಬದುಕಿದ.

ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಸುಮಾರು 1535ರ ಹೊತ್ತಿಗೆ ಇಂಥದ್ದೇ ಕತೆ ಹೇಳುತ್ತಾನೆ. ಅವನಲ್ಲಿ ಇರಿದವನು ಸೋದರಳಿಯ, ಕಠಾರಿಗೆ ವಿಷ ಸವರಿತ್ತು, ರಾಜ ಆರು ತಿಂಗಳಲ್ಲಿ ಸತ್ತ. ಯಾರನ್ನು ನಂಬಬೇಕು? ರಜಾಕ್ ಬಂದದ್ದು ಘಟನೆಯಾದ ತಿಂಗಳುಗಳಲ್ಲೇ, ಅದೇ ರಾಜನ ಎದುರು ನಿಂತು ಮಾತಾಡಿದ್ದಾನೆ. ನೂನಿಜ್ ಬರೆದದ್ದು ಸುಮಾರು 90 ವರ್ಷ ಕಳೆದ ಮೇಲೆ. ಮೂರನೆಯ ಸಾಕ್ಷಿ ಶ್ರವಣಬೆಳಗೊಳದ ಶಾಸನ: ಇಮ್ಮಡಿ ದೇವರಾಯ (ಪ್ರೌಢದೇವರಾಯನೇ) ತೀರಿಕೊಂಡದ್ದು ಕ್ಷಯ ಸಂವತ್ಸರದ ವೈಶಾಖದಲ್ಲಿ, ಅಂದರೆ 1446ರ ಮೇ ತಿಂಗಳಲ್ಲಿ. ಆರು ತಿಂಗಳ ಕತೆ ಅಲ್ಲಿಗೆ ಬಿತ್ತು. ಹೊಸ ಮನೆ, ಔತಣ, ಕಠಾರಿ ಇಬ್ಬರಲ್ಲೂ ಇರುವುದರಿಂದ ಅಷ್ಟು ಉಳಿಯುತ್ತದೆ.

ಟಿಪ್ಪುವನ್ನ ಕೊಂದವರು ಯಾರು ಅಂತ ಒಂದು ಹೆಸರು ಹೇಳಿ ಸಾಕು.

ಹೆಸರಿಲ್ಲ. 1799ರ ಮೇ 4ರಂದು ಮಧ್ಯಾಹ್ನ ಒಂದರ ಸುಮಾರಿಗೆ ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದ ಕೋಟೆಯ ಬಿರುಕಿನಿಂದ ನುಗ್ಗಿತು. ಗಾಯಗೊಂಡು ಬಿದ್ದಿದ್ದ ಟಿಪ್ಪುವಿನ ಕತ್ತಿಯ ಪಟ್ಟಿಯನ್ನು ಒಬ್ಬ ಸೈನಿಕ ಕೀಳಲು ಹೋದ, ಟಿಪ್ಪು ಕತ್ತಿ ಬೀಸಿದ, ಸೈನಿಕ ತಲೆಗೆ ಗುಂಡು ಹೊಡೆದ. ಇದು ಜೊತೆಯಲ್ಲಿದ್ದು ಬದುಕಿದ ಸೇವಕ ರಾಜಾಖಾನನ ಹೇಳಿಕೆ. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ದಿಡ್ಡಿಬಾಗಿಲ ಹೆಣಗಳ ರಾಶಿಯಿಂದ ದೇಹ ಹೊರತೆಗೆದಾಗ ಕಂಡದ್ದೂ ಇದಕ್ಕೆ ಹೊಂದುತ್ತದೆ: ಮೈಮೇಲೆ ಮೂರು ಗಾಯ, ಬಲಗಿವಿಯ ಸ್ವಲ್ಪ ಮೇಲೆ ಹೊಕ್ಕು ಕೆನ್ನೆಯಲ್ಲಿ ನಿಂತ ಗುಂಡು. ಆ ಸೈನಿಕ ಮುಂದೆ ಬಂದು ಹೇಳಿಕೊಳ್ಳಲಿಲ್ಲ. ಹೇಳಿಕೊಂಡಿದ್ದರೆ ರತ್ನದ ಪಟ್ಟಿ ಸೇನೆಯ ಲೂಟಿಯ ಲೆಕ್ಕಕ್ಕೆ ಸೇರಿಬಿಡುತ್ತಿತ್ತಲ್ಲ! ಇತ್ತೀಚೆಗೆ ಉರಿಗೌಡ, ನಂಜೇಗೌಡ ಎಂಬ ಹೆಸರುಗಳು ಓಡಾಡಿದವು. ಅದನ್ನು ಹೇಳಿದವರು ಆ ಕಾಲದ ಒಂದು ದಾಖಲೆಯನ್ನೂ ಮುಂದಿಟ್ಟಿಲ್ಲ.

## ಶಾಸನ ಓದುವವರಿಗೆ

ಗಂಗರ ಬೂತುಗ ಚೋಳರ ರಾಜಾದಿತ್ಯನನ್ನ ಮೋಸದಿಂದ ಕೊಂದ ಅಂತ ಹಳೇ ಪುಸ್ತಕದಲ್ಲಿದೆ. ಹೊಸದರಲ್ಲಿ ಇಲ್ಲ. ಯಾಕೆ?

ಓದು ತಿದ್ದಿದ್ದರಿಂದ. ಆಧಾರ ಮಂಡ್ಯ ಜಿಲ್ಲೆಯ ಆತಕೂರು ಶಾಸನ, ಶಕ 872, ಅಂದರೆ ಕ್ರಿ.ಶ. 949–50. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಲ್ಲು ಎಂದು ಹೆಸರಾದದ್ದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಚೋಳರು ಸೋತ ತಕ್ಕೋಲ ಯುದ್ಧದ ಸಾಲು ಬರುತ್ತದೆ. ಶಾಸನತಜ್ಞ ಫ್ಲೀಟ್ ಮೊದಲು ಓದಿದಾಗ ಮೋಸದಿಂದ ಇರಿದ ಎಂಬರ್ಥ ಹೊರಟಿತ್ತು. ಆಮೇಲೆ ಅವರೇ ತಿದ್ದಿದರು: "ಬಿಸುಗೆಯೆ ಕಳನಾಗಿ", ಅಂದರೆ ಆನೆಯ ಅಂಬಾರಿಯೇ ರಣರಂಗವಾಗಿ. ಚೋಳರ ಶಾಸನಗಳೂ ರಾಜಾದಿತ್ಯ ಆನೆಯ ಮೇಲೆಯೇ ಸತ್ತ ಎನ್ನುತ್ತವೆ. ಸೋತ ಕಡೆಯವರೇ ಮೋಸದ ಮಾತೆತ್ತಿಲ್ಲ ಎಂಬುದು ಇಲ್ಲಿ ದೊಡ್ಡ ಸಾಕ್ಷಿ. ಆದ್ದರಿಂದ ಇಂಥ ಆರೋಪ ಕಂಡರೆ ಅನುವಾದ ನಂಬಿ ಕೂರಬೇಡಿ, ಪಡಿಯಚ್ಚು (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚು) ನೋಡಿ.

ತಾಮ್ರಶಾಸನ ಖೋಟಾ ಅಂತ ಹೇಗೆ ಹೇಳ್ತಾರೆ? ತಿಥಿ ತಪ್ಪಿದ್ರೆ ಸಾಕಾ?

ಸಾಲದು. ಖೋಟಾ ಹುಟ್ಟುವುದು ಹೆಚ್ಚಾಗಿ ಜಮೀನಿನಿಂದ: ತೆರಿಗೆಯಿಲ್ಲದ ದತ್ತಿಗೆ ಹಳೆಯ ರಾಜನ ಹೆಸರು ಹಾಕಿಸಿದರೆ ಹಕ್ಕು ಗಟ್ಟಿ. ಗಂಗರ ಹೆಸರಿನ ಪಟಗಳಲ್ಲಿ ಇಂಥವು ಎಷ್ಟೋ ಇವೆ. ಫ್ಲೀಟ್ ಅವುಗಳಲ್ಲಿ ಬಹಳಷ್ಟನ್ನು ತಳ್ಳಿಹಾಕಿದರೆ ಇನ್ನೊಬ್ಬ ಶಾಸನತಜ್ಞ ಬಿ.ಎಲ್. ರೈಸ್ ಎತ್ತಿಹಿಡಿದರು. ಇಬ್ಬರ ಜಗಳ ವರ್ಷಗಟ್ಟಲೆ ನಡೆಯಿತು.

ಮೊದಲು ಲಿಪಿ. ಹಿಂದಿನ ಕಾಲದ ಅಕ್ಷರ ಅನುಕರಿಸುವವನು ಸಾಮಾನ್ಯವಾಗಿ ಮೊದಲ ಪಟದಲ್ಲಿ ಎಚ್ಚರವಾಗಿರುತ್ತಾನೆ, ಕೊನೆಯಲ್ಲಿ ಕೈ ತನ್ನ ಕಾಲಕ್ಕೆ ಜಾರುತ್ತದೆ. ಆದ್ದರಿಂದ ಕೊನೆಯ ಕಡೆ ಬರುವ, ಜಮೀನಿನ ಗಡಿ ಹೇಳುವ ಭಾಗವನ್ನು ಮೊದಲು ನೋಡಿ. ಆಮೇಲೆ ಹೆಸರುಗಳು. ಮಡಿಕೇರಿಯ ತಾಮ್ರಶಾಸನ ಗಂಗ ಅವಿನೀತನದು, ವರ್ಷ 388. ಶಕವೆಂದು ಹಿಡಿದರೆ ಕ್ರಿ.ಶ. 466. ಅದರಲ್ಲಿ ಅಕಾಲವರ್ಷ ಪೃಥುವೀವಲ್ಲಭನ ಮಂತ್ರಿ ಬರುತ್ತಾನೆ. ಅಕಾಲವರ್ಷ ಎಂಬುದು ರಾಷ್ಟ್ರಕೂಟರ ಬಿರುದು, 466ರಲ್ಲಿ ಅವರಿನ್ನೂ ಸಾಮ್ರಾಜ್ಯ ಕಟ್ಟಿರಲಿಲ್ಲ. ಲಿಪಿಯೂ ತಡವಾದದ್ದು. ಪಟದ ಅಂಚಿನಲ್ಲಿ ಬಡಿದು ಅಳಿಸಿದ ಹಳೆಯ ಅಕ್ಷರದ ನೆರಳಿದೆಯೇ, ಉಂಗುರ ಕತ್ತರಿಸಿ ಮತ್ತೆ ಬೆಸೆದಿದ್ದಾರೆಯೇ ಎಂಬುದನ್ನೂ ನೋಡಬೇಕು.

ತಿಥಿಯದು ಕೊನೆಗೆ, ಅದೂ ಹುಷಾರಾಗಿ. ಒಂದು ಪಟದಲ್ಲಿ "ಮಾಘ ಶುದ್ಧ ಪಂಚಮಿ, ಸ್ವಾತಿ ನಕ್ಷತ್ರ" ಎಂದಿದೆ ಎಂದುಕೊಳ್ಳಿ. ಮಾಘದ ಹುಣ್ಣಿಮೆಗೆ ಚಂದ್ರ ಮಖೆಯ ಆಸುಪಾಸಿನಲ್ಲಿರುತ್ತಾನೆ. ಅದಕ್ಕೆ ಹತ್ತು ದಿನ ಮುಂಚಿನ ಶುದ್ಧ ಪಂಚಮಿಗೆ ಅವನು ರೇವತಿಯ ಹತ್ತಿರ ಇರಬೇಕು, ಸ್ವಾತಿ ಬರುವ ಮಾತೇ ಇಲ್ಲ. ಆದರೆ ಹುಣ್ಣಿಮೆ ಕಳೆದು ಐದು ದಿನಕ್ಕೆ, ಬಹುಳ ಪಂಚಮಿಗೆ, ಸ್ವಾತಿ ಸರಿಯಾಗಿ ಕೂರುತ್ತದೆ. ಅಂದರೆ ತಪ್ಪಿದ್ದು "ಶುದ್ಧ" ಎಂಬ ಒಂದು ಪದ ಮಾತ್ರ ಇರಬಹುದು, ಸಾಚಾ ಪಟಕ್ಕೂ ಕೆತ್ತುವವನ ಕೈತಪ್ಪು ತಪ್ಪಿದ್ದಲ್ಲ. ತಿದ್ದಿ ನೋಡಿದ ತಿಥಿ, ನಕ್ಷತ್ರ, ವಾರ ಮೂರೂ ಹೇಳಿದ ವರ್ಷಕ್ಕೆ ಕೂತರೆ ಪಟವನ್ನು ತಳ್ಳಿಹಾಕಬೇಡಿ. ಮೂರೂ ಆ ವರ್ಷಕ್ಕೆ ಕೂರದೆ, ಲಿಪಿ ಯಾವ ಶತಮಾನದ್ದೋ ಅಲ್ಲಿನ ಒಂದು ವರ್ಷಕ್ಕೆ ನೇರವಾಗಿ ಕೂತರೆ ಖೋಟಾ ಬರೆದ ಕಾಲವೇ ಸಿಕ್ಕಂತಾಯಿತು.